ಮೊದಲ ಎಣ್ಣೆ

ಕೊಳವೆಯ ತುದಿಯಿಂದ ಮೊದಲ ಹನಿ ಬಿದ್ದದ್ದೇ ತಡ, ಬಾಗಿಲಲ್ಲಿ ಕುಳಿತಿದ್ದ ದೊಡ್ಡಲಕ್ಷ್ಮಮ್ಮ ಹಿತ್ತಾಳೆ ಚೊಂಬು ಹಿಡಿದು ಎದ್ದು ಬಂದಳು. ಬೆಳಗಿನಿಂದ ಅವಳು ಕಾಯುತ್ತಿದ್ದುದು ಎಣ್ಣೆ ಬರಲಿ ಎಂದಲ್ಲ, ಬಾರದಿರಲಿ ಎಂದು. ಹೊಂಗನೂರಿನ ಆ ರೇಷ್ಮೆ ಹುಳುವಿನ ಮನೆ ಅವಳದು. ಮಂಡಿನೋವು ಬಂದು ಹುಳು ಸಾಕುವುದನ್ನು ಬಿಟ್ಟ ಮೇಲೆ ಅಲ್ಲಿ ಕುರಿ ಕಟ್ಟಬೇಕೆಂದಿದ್ದಳು. ತಂಗಿಯ ಮಗ ಮುತ್ತುರಾಜು ಎಣ್ಣೆ ತೆಗೆಯಲು ಮನೆ ಕೊಡು ಎಂದು ಕಾಲು ಹಿಡಿದು ಬೇಡಿದ್ದಕ್ಕೆ ಇವತ್ತು ಸಂಜೆಯವರೆಗೆ ಗಡುವು ಕೊಟ್ಟಿದ್ದಳು. ಎಣ್ಣೆ ಬಂದರೆ ಮನೆ ಅವನಿಗೆ, ಬರದಿದ್ದರೆ ಕುರಿಗೆ.

ಮುತ್ತುರಾಜು ಮತ್ತು ಅವನ ಪಾಲುದಾರ, ಚನ್ನಪಟ್ಟಣದ ಮುಜೀಬ್, ಹಳೇ ಟೈರು ಬೇಯಿಸಿ ತೆಗೆದ ಕಪ್ಪು ಎಣ್ಣೆಯನ್ನು ತಂದು ಡ್ರಮ್ಮಿಗೆ ತುಂಬಿ ಕಾಯಿಸುತ್ತಿದ್ದರು. ಎದ್ದ ಆವಿ ಕೊಳವೆಯಲ್ಲಿ ಹಾದು, ನೀರಿನ ತೊಟ್ಟಿಯಲ್ಲಿ ತಣ್ಣಗಾಗಿ, ಕ್ಯಾನಿಗೆ ಬೀಳಬೇಕು. ಮೊದಲು ಬರುವುದು ಪೆಟ್ರೋಲಿನಂಥ ಹಗುರ ಎಣ್ಣೆ. ಒಂದು ಕಿಡಿ ಸೋಕಿದರೂ ಮುಗಿಯಿತು. ಅದಕ್ಕೇ ಒಲೆಯ ಬಾಯನ್ನು ಗೋಡೆಯ ಆಚೆಗೆ ಇಟ್ಟಿದ್ದರು. ಇವರಿಗೆ ಬೇಕಾಗಿದ್ದುದು ಅದರ ಹಿಂದೆ ಬರುವ, ಡೀಸೆಲ್ಲಿನಂಥ ಎಣ್ಣೆ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರು ತಮ್ಮ ಬಾಯ್ಲರಿಗೆ ಅದನ್ನು ಕೊಳ್ಳುತ್ತೇವೆ ಎಂದಿದ್ದರು.

"ಇಡ್ಲಾ ಚೊಂಬ್ನ ಕೊಳವೆ ಕೆಳಗೆ," ಎಂದಳು ದೊಡ್ಡಲಕ್ಷ್ಮಮ್ಮ. "ಮೊದಲ ಎಣ್ಣೆ ಕಬ್ಬಾಳಮ್ಮನ ದೀಪಕ್ಕೆ. ನಮ್ಮನೇಲಿ ಮೊದ್ಲು ಏನು ಬಂದ್ರೂ ಅಮ್ಮಂಗೇಯ."

ಮುತ್ತುರಾಜು ಚೊಂಬಿಗೆ ಕೈ ಅಡ್ಡ ಹಿಡಿದ. "ದೊಡ್ಡವ್ವ, ಇದು ಹಗುರದ್ದು. ದೀಪಕ್ಕೆ ಆಗಾಕಿಲ್ಲ."

"ಹಗುರ ಆದ್ರೇನ್ಲಾ? ಅಮ್ಮ ಏನು ತಕ್ಕಡಿ ಇಟ್ಕೊಂಡು ಕುಂತವ್ಳಾ?"

"ಮಧ್ಯಾಹ್ನ ಒಳ್ಳೇದು ಬತ್ತದೆ, ಅದನ್ನ ಕೊಡ್ತೀನಿ."

"ಮೊದಲಿಂದು ನಿಂಗೆ, ಉಳಿದಿದ್ದು ಅಮ್ಮಂಗಾ? ಎಂಜಲು ಕೊಡ್ತೀಯೇನ್ಲಾ ದೇವ್ರಿಗೆ? ಎತ್ತು ನಿನ್ನ ಡ್ರಮ್ಮ. ಈಗ್ಲೇ ಕುರಿ ಹೊಡ್ಕಂಡು ಬತ್ತೀನಿ."

ಬಾಯಿಮಾತಿಗೆ ಬಗ್ಗುವವಳಲ್ಲ ಎಂದುಕೊಂಡ ಮುತ್ತುರಾಜು ಒಂದು ಮುಚ್ಚಳ ಎಣ್ಣೆಯನ್ನು ದೂರದ ಬೇಲಿಯ ಹತ್ತಿರ ಒಯ್ದು, ತೆಂಗಿನ ಚಿಪ್ಪಿಗೆ ಸುರಿದು, ನಾಲ್ಕು ಹೆಜ್ಜೆ ಹಿಂದೆ ಸರಿದು ಕಡ್ಡಿ ಗೀರಿ ಎಸೆದ. ನಾಲ್ಕು ಹೆಜ್ಜೆ ಸಾಲಲಿಲ್ಲ. ಭಗ್ಗೆಂದು ಎದ್ದ ಬೆಂಕಿಗೆ ಅವನ ಎಡಹುಬ್ಬು ಸುಟ್ಟು ಕರಕಲಾಯಿತು.

"ನೋಡಿದ್ಯಾ?" ಎಂದ, ಮುಖ ಉಜ್ಜಿಕೊಳ್ಳುತ್ತ.

"ನೋಡ್ದೆ ಕಣಪ್ಪ!" ದೊಡ್ಡಲಕ್ಷ್ಮಮ್ಮನ ಕಣ್ಣುಗಳು ಹೊಳೆಯುತ್ತಿದ್ದವು. "ಎಂಥಾ ಬೆಳಕು! ಹಳ್ಳೆಣ್ಣೆ ಹತ್ಸಿದ್ರೆ ಪೂಜಾರಿ ಮೂತಿನೇ ಕಾಣಾಕಿಲ್ಲ. ಇದನ್ನ ಹತ್ಸುದ್ರೆ ಬೆಟ್ಟದ ತುದಿಗಂಟ ಕಾಣ್ತದೆ. ತುಂಬ್ಸು ಚೊಂಬ."

ಮುತ್ತುರಾಜು ಹುಬ್ಬಿನ ಜಾಗ ಮುಟ್ಟಿಕೊಳ್ಳುತ್ತ ಮುಜೀಬನ ಮುಖ ನೋಡಿದ. ಮುಜೀಬನ ಮನೆಯಲ್ಲಿ ಎರಡು ಎಮ್ಮೆಗಳಿದ್ದವು. ಅವನು ಮೆಲ್ಲಗೆ ಕೇಳಿದ: "ಅವ್ವಾ, ಹಸು ಕರ ಹಾಕ್ದಾಗ ಮೊದ್ಲ ಹಾಲ್ನ ದೇವ್ರಿಗೆ ಕೊಡ್ತೀರಾ?"

"ಗಿಣ್ಣು ಹಾಲ್ನಾ? ಹೆರಿಗೆ ಮೈಲಿಗೆ ಕಳೀದೆ ಯಾರಾನ ದೇವ್ರಿಗೆ ಕೊಡ್ತಾರೇನಪ್ಪ?"

"ಇದೂ ಗಿಣ್ಣೇ ಕಣವ್ವ. ಡ್ರಮ್ಮಿಗೆ ಇದೇ ಚೊಚ್ಚಲ."

ದೊಡ್ಡಲಕ್ಷ್ಮಮ್ಮ ಡ್ರಮ್ಮನ್ನು ನೋಡಿದಳು. ದುಂಡಗಿತ್ತು, ಬಿಸಿಯಾಗಿತ್ತು, ಒಳಗೆ ಗುಡುಗುಡು ಎನ್ನುತ್ತಿತ್ತು. ಚೊಂಬನ್ನು ತಟ್ಟನೆ ಸೆರಗಿನ ಹಿಂದಕ್ಕೆ ಸರಿಸಿಕೊಂಡಳು. "ಅಯ್ಯೋ, ಮೈಲಿಗೆ ಎಣ್ಣೆ ಹೊತ್ಕೊಂಡು ಗುಡಿಗೆ ಹೋಗ್ಬುಡ್ತಿದ್ನಲ್ಲಪ್ಪ! ಸಾಬರ ಹುಡುಗ ಹೇಳಿ ಉಳುಸ್ದ. ನೀನೂ ಇದೀಯ, ದಂಡಕ್ಕೆ ಓದ್ದೋನು." ಸುಟ್ಟ ಹುಬ್ಬಿನವನ ಕಡೆ ತಾತ್ಸಾರದಿಂದ ನೋಡಿದಳು.

"ಮತ್ತೆ ಮನೆ?" ಎಂದ ಮುತ್ತುರಾಜು.

"ಬಾಣಂತೀನ ಯಾರಾನ ಹೊರಗೆ ಹಾಕ್ತಾರೇನ್ಲಾ? ಇರ್ಲಿ. ಕುರೀಗೆ ಬೇರೆ ಚಪ್ಪರ ಹಾಕುಸ್ತೀನಿ."

ಅವಳು ಹೊರಗೆ ಹೋದಳು. ಮುತ್ತುರಾಜು ಗೆಳೆಯನ ಬೆನ್ನಿಗೆ ಗುದ್ದಿದ. "ಏನ್ ತಲೆ ಕಣ್ಲಾ ನಿಂದು! ಡ್ರಮ್ಮಿಗೆ ಬಾಣಂತನ ಮಾಡ್ಸಿ ಮನೆ ಉಳುಸ್ಬುಟ್ಯಲ್ಲ." ಮುಜೀಬ್ ಏನೋ ದೊಡ್ಡ ಕೆಲಸ ಮಾಡಿದವನಂತೆ ಕಾಲರ್ ಎಳೆದುಕೊಂಡ. ಕ್ಯಾನು ಅರ್ಧ ತುಂಬಿತ್ತು. ಮನೆಯೆಲ್ಲ ಪೆಟ್ರೋಲ್ ಬಂಕಿನ ವಾಸನೆ.

ಗೋಡೆಯಾಚೆ ಒಲೆಯನ್ನು ಯಾರೋ ಕೆದಕುವ ಸದ್ದಾಯಿತು. ಸ್ವಲ್ಪ ಹೊತ್ತಿಗೆ ದೊಡ್ಡಲಕ್ಷ್ಮಮ್ಮ ಬೇವಿನ ಸೊಪ್ಪನ್ನು ಕಂಕುಳಲ್ಲಿ ಇರುಕಿಕೊಂಡು, ಎರಡೂ ಕೈಯಲ್ಲಿ ಒಂದು ಮಣ್ಣಿನ ಬಟ್ಟಲು ಹಿಡಿದು ಅಂಗಳ ದಾಟಿ ಬಂದಳು. ಬಟ್ಟಲ ತುಂಬ ನಿಗಿನಿಗಿ ಕೆಂಡ. ಅದರ ಮೇಲೆ ಸಾಂಬ್ರಾಣಿ.

"ನಿಲ್ಲು ದೊಡ್ಡವ್ವ!"

"ಯಾಕ್ಲಾ? ಬಾಣಂತಿ ಕೋಣೆಗೆ ಹೊಗೆ ಹಾಕ್ದೆ ಬುಡಾಕಾಯ್ತದಾ? ಶೀತ ಆಗಾಕಿಲ್ವಾ?"

ಮುಜೀಬ್ ಕ್ಯಾನನ್ನು ಎದೆಗೆ ಅವಚಿಕೊಂಡು ಹಿಂಬಾಗಿಲಿನಿಂದ ಹಿಪ್ಪುನೇರಳೆ ತೋಟಕ್ಕೆ ಹಾರಿದ. ಕೊಳವೆಯಿಂದ ಎಣ್ಣೆ ನೆಲಕ್ಕೇ ತೊಟ್ಟಿಕ್ಕತೊಡಗಿತು. ಮುತ್ತುರಾಜು ಬಾಗಿಲಿಗೆ ಓಡಿ, ಎರಡೂ ಕೈ ಅಗಲಿಸಿ, ಕೆಂಡಕ್ಕೂ ಮನೆಗೂ ಮಧ್ಯೆ ಅಡ್ಡ ನಿಂತ.

ದೊಡ್ಡಲಕ್ಷ್ಮಮ್ಮ ಅವನ ಹೆಗಲ ಮೇಲಿಂದ ಕತ್ತು ಚಾಚಿ, ತೋಟದ ಸಾಲುಗಳ ನಡುವೆ ಸಣ್ಣಗಾಗುತ್ತಿದ್ದ ಮುಜೀಬನನ್ನು ನೋಡಿದಳು. ಮುಖದಲ್ಲಿ ನಿಜವಾದ ಗಾಬರಿ.

"ಹೊಕ್ಕಳಬಳ್ಳಿ ಕುಯ್ಯೋಕ್ ಮುಂಚೇನೇ ಮಗೀನ ಎತ್ಕೊಂಡು ಓಡೋಯ್ತಾವ್ನಲ್ಲೋ! ಹೋಗಿ ಕರ್ಕಂಡು ಬಾರ್ಲಾ, ಅದಕ್ಕೂ ಒಸಿ ಹೊಗೆ ಹಿಡೀಬೇಕು."