ಜೀಪಿಗೆ ಟರ್ಬೊ

ಇದು ಗಾಳಿಯ ವಿಷಯವೇ ಆದರೂ ಗಾಳಿಸುದ್ದಿಯಲ್ಲ, ನಿಜವಾಗಿ ನಡೆದದ್ದು.

ಊರವರೆಲ್ಲ ಕಾಕಾ ಎನ್ನುತ್ತಿದ್ದ ಮುದುಕನೊಬ್ಬ ಎದೆನೋವೆಂದ ಹೆಂಡತಿಯನ್ನು ತನ್ನ ಹಳೆಯ ಡೀಸೆಲ್ ಜೀಪಿನಲ್ಲಿ ಗುಡ್ಡದಾಚೆಯ ಆಸ್ಪತ್ರೆಗೆ ಒಯ್ಯುತ್ತಿದ್ದಾಗ, ಏರಿನ ನಡುವೆಯೇ ಆಕೆ ತೀರಿಕೊಂಡಳು. "ಗಾಡಿ ಎಳೀಲಿಲ್ಲ" ಎಂಬುದೊಂದೇ ಮಾತು ಅವನ ಬಾಯಲ್ಲಿ ಉಳಿಯಿತು. ಅಂದಿನಿಂದ ದಿನವೂ ಗ್ಯಾರೇಜಿಗೆ ಬಂದು, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಹಾಕಿಕೊಡೆಂದು ಗಂಟುಬಿದ್ದ.

"ಮುದಿ ಇಂಜಿನ್ ಕಾಕಾ, ಟರ್ಬೊ ಹಾಕಿದ್ರ ಎದಿ ಒಡಕೊಂಡು ಸಾಯ್ತದ" ಎಂದು ಮೆಕ್ಯಾನಿಕ್ ಮೌಲಾಲಿ ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ಮೌಲಾಲಿ ಗುಜರಿಯ ಟರ್ಬೊ ಒಂದರ ಖಾಲಿ ಚಿಪ್ಪನ್ನು ಬಾನೆಟ್ಟಿನೊಳಗೆ ಸುಮ್ಮನೆ ಬಿಗಿದು, ಟರ್ಬೊದಂತೆ ಸಿಳ್ಳೆ ಬರಲೆಂದು ಗಾಳಿ ಕೊಳವೆಗೊಂದು ಪೀಪಿ ಸಿಕ್ಕಿಸಿ, "ತಗೋರಿ, ಇನ್ನ ಇದು ವಿಮಾನ!" ಎಂದ.

ಕಾಕಾ ಆಸ್ಪತ್ರೆಯ ತನಕ ಹೋಗಿ ಮರಳಿ ಬಂದಾಗ ಮುಖವೆಲ್ಲ ಅರಳಿತ್ತು.

"ಎಕ್ಸಲೇಟರ್ ನೆಲಕ್ಕ ಹತ್ತೂತನಕ ತುಳದೆ ನೋಡೋ! ಮೊದಲೆಲ್ಲ ಇಂಜಿನ್ ಕಾದು ನಡುವ ನಿಂತೀತು ಅಂತ ಹೆದರಿ ಅರ್ಧಾನ ಒತ್ತತಿದ್ದೆ. ಈಗ ಗುಡ್ಡ ಏರಿದ್ದ ಗೊತ್ತಾಗಲಿಲ್ಲ!"

ಮೌಲಾಲಿ ಪೀಪಿಯ ಸದ್ದನ್ನೂ ಕಾಕಾನ ಗತ್ತನ್ನೂ ಹಾಗೆಯೇ ಅಣಕಿಸಿ, ಬಾನೆಟ್ ಎತ್ತಿ, ಖಾಲಿ ಚಿಪ್ಪನ್ನು ಬಿಚ್ಚಿ ಅವನ ಕೈಗಿಟ್ಟ.

"ಟರ್ಬೊನೂ ಇಲ್ಲ, ಗಿರ್ಬೊನೂ ಇಲ್ಲ ಕಾಕಾ! ಏರಿದ್ದು ನಿಮ್ಮ ಅದೇ ಹಳೇ ಇಂಜಿನ್ನು!"

ಗ್ಯಾರೇಜೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ಕಾಕಾನೇ ನಕ್ಕ. ಹೊಟ್ಟೆ ಹಿಡಿದುಕೊಂಡು ನಗುತ್ತ ನಗುತ್ತ ನೆಲಕ್ಕೆ ಕುಸಿದು ಹೇಳಿದ:

"ಹಂಗಾದ್ರ ಅವತ್ತೂ ಏರತಿತ್ತಲ್ಲೋ, ಮೌಲಾ!"