ಭಾನುವಾರದವರೆಗೆ

ಇಟಲಿಯ ಕಡಲತಡಿಯ ಮೊದಲ ಊರಿನಲ್ಲಿ ರೈಲಿಳಿದು ಗೆಳತಿ ಇಂದು ಮುಂದೆ ಹೋಗುತ್ತಿದ್ದಳು. ಹಿಂದಿದ್ದ ಕುಮುದಾಳಿಗೆ ಇಂದುವಿನ ಅಣ್ಣನ ಫೋನ್ ಬಂತು.

"ನಿನ್ನೆ ಅಮ್ಮ ಹೋಗ್ಬಿಟ್ರು ಕಣಮ್ಮ. ಸಂಸ್ಕಾರವೂ ಮುಗೀತು. ಇಂದುಗೆ ಈಗ್ಲೇ ಹೇಳ್ಬೇಡ, ದಾರೀಲಿ ಕುಸಿದುಬಿಟ್ಟಾಳು. ಭಾನುವಾರ ಮನೆ ಸೇರಿದ್ಮೇಲೆ ನಿಧಾನಕ್ಕೆ ಹೇಳು."

ಕುಮುದಾ ಬಾಯಿಗೆ ಬೀಗ ಹಾಕಿಕೊಂಡಳು. ಗೆಳತಿಯನ್ನು ಊರಿಂದೂರಿಗೆ ಸುತ್ತಿಸಿದಳು, ಬಣ್ಣದ ಮನೆಗಳ ಮುಂದೆ ನಿಲ್ಲಿಸಿ ಫೋಟೊ ತೆಗೆದಳು. ಕುಮುದಾ ಹೇಳಿದಲ್ಲಿ ಇಂದು ನಿಂತಳು, ಹೇಳಿದಾಗ ನಕ್ಕಳು.

"ಐಸ್‌ಕ್ರೀಮ್ ತಿಂತೀಯೇನೇ?" ಕುಮುದಾ ಕೇಳಿದಳು.

"ಬೇಡ ಕಣೇ, ನೀ ತಿನ್ನು."

"ಏನು, ಮಹಾರಾಣಿದು ಡಯಟ್ಟಾ?"

"ಹೂಂ, ಹಾಗಂದ್ಕೋ. ನೀನು ಚೆನ್ನಾಗಿ ನೋಡ್ಕೋ, ಎಂಟು ವರ್ಷದಿಂದ ಇಲ್ಲಿಗೆ ಬರ್ಬೇಕು ಅಂತಿದ್ಯಲ್ಲ."

ಸದ್ಯ, ಇವಳಿಗೆ ಏನೂ ಗೊತ್ತಾಗಿಲ್ಲ ಎಂದು ಕುಮುದಾ ಒಳಗೊಳಗೇ ಉಸಿರು ಬಿಟ್ಟಳು. ಇನ್ನೊಂದು ದಿನ ಹೇಗಾದರೂ ದಾಟಿಸಿದರೆ ಸಾಕಿತ್ತು.

ಮೂರನೆಯ ಊರಿನ ದಡದ ತುಂಬ ಜನ ಈಜುಡುಗೆಯಲ್ಲಿ ಬಿಸಿಲು ಕಾಯುತ್ತಿದ್ದರು. ಇಂದು ಚಪ್ಪಲಿ ಬಿಟ್ಟು, ತೊಟ್ಟ ಚೂಡಿದಾರದಲ್ಲೇ ನೀರಿಗಿಳಿದು, ಮೂರು ಸಲ ತಲೆ ಮುಳುಗಿಸಿ ಎದ್ದಳು.

ಕುಮುದಾ ಟವೆಲ್ ಹಿಡಿದು ಓಡಿದಳು. "ಹುಚ್ಚಿ, ಬಟ್ಟೆ ಬದಲಾಯಿಸಿ ಇಳಿಯೋಕೇನಾಗಿತ್ತೇ? ಎಲ್ರೂ ನಮ್ಮನ್ನೇ ನೋಡ್ತಿದಾರೆ."

ಇಂದು ಟವೆಲ್ ತೆಗೆದುಕೊಳ್ಳಲಿಲ್ಲ.

"ಅಮ್ಮ ಹೋದ ಸುದ್ದಿ ಬೆಳಿಗ್ಗೆ ರೈಲಲ್ಲಿದ್ದಾಗ್ಲೇ ಅತ್ತಿಗೆ ಮೆಸೇಜ್ ಮಾಡಿದ್ರು ಕಣೇ. ಸುದ್ದಿ ಕೇಳಿದ್ಮೇಲೆ ಉಟ್ಟ ಬಟ್ಟೇಲೇ ಮುಳುಗಬೇಕಲ್ಲ, ನಿನ್ನ ಫೋಟೊ ಎಲ್ಲ ಮುಗೀಲಿ ಅಂತ ಕಾಯ್ತಿದ್ದೆ."