ಸುಮ್ಮನಾದ ಪೆಟ್ಟಿಗೆ

ಕಲ್ಲಿದ್ದಲಿನಿಂದ ಅನಿಲ ತೆಗೆಯುವ ಆ ಶೆಡ್ಡಿನಲ್ಲಿ ಅಂದು ಮೈಸೂರು ಪಾಕ್ ಹಂಚುತ್ತಿದ್ದರು. ವಾಸನೆಯಿಲ್ಲದ ವಿಷಾನಿಲ ಸೋರಿದರೆ ಕೂಗಬೇಕಾದ ಗೋಡೆಯ ಪೆಟ್ಟಿಗೆ ಐದು ತಿಂಗಳಿಂದ ಒಮ್ಮೆಯೂ ಕೂಗಿರಲಿಲ್ಲ. ಅದಕ್ಕೇ ಸುರಕ್ಷತೆಯ ಬಹುಮಾನ ಬಂದಿತ್ತು.

"ಮುಂಚೆ ದಿನಕ್ಕೆ ನಾಲ್ಕು ಸಲ ಬಾಯಿ ಬಡ್ಕೊಳ್ತಿತ್ತು ಮೇಡಂ," ಎಂದು ಮೇಸ್ತ್ರಿ ಓಬಳೇಶ ತಪಾಸಣೆಗೆ ಬಂದ ಅಧಿಕಾರಿಗೆ ಹೇಳಿ ನಕ್ಕ. ಅವನು ನಕ್ಕನೆಂದು ಎಲ್ಲರೂ ನಕ್ಕರು. ಒಬ್ಬ ನಗುತ್ತ ನಗುತ್ತ ಅಲ್ಲೇ ಕುಸಿದು ಕುಳಿತ.

"ಇವರಿಗೇನಾಯ್ತು?" ಎಂದರು ಅಧಿಕಾರಿ.

"ಖುಷಿಗೆ ತಲೆ ತಿರುಗ್ತೈತೆ, ಅಷ್ಟೇ. ನಮಗೆಲ್ಲ ದಿನಾ ಹಿಂಗೇ."

"ಪೆಟ್ಟಿಗೆ ರಿಪೇರಿ ಮಾಡಿಸಿದ್ರಾ?"

"ಇಲ್ಲ ಮೇಡಂ. ಆಯುಧಪೂಜೆ ದಿನ ಎಲ್ಲಾ ಮಿಷಿನ್ನಿಗೂ ಪೂಜೆ ಮಾಡ್ದಾಗ ಇದಕ್ಕೂ ಮಾಡಿದ್ವಿ. ಅವತ್ತಿಂದ ತಣ್ಣಗಾಯ್ತು. ಎಲ್ಲಾ ಅಮ್ಮನ ದಯೆ."

ಅಧಿಕಾರಿಗೂ ನಗು ಉಕ್ಕಿ ಬಂತು. ಯಾಕೆಂದು ಅವರಿಗೇ ತಿಳಿಯಲಿಲ್ಲ. ನಗುತ್ತಲೇ ಕುರ್ಚಿ ಹತ್ತಿ, ಪೆಟ್ಟಿಗೆಯೊಳಕ್ಕೆ ಗಾಳಿ ಹೋಗುವ ಸಣ್ಣ ತೂತುಗಳ ಮೇಲೆ ದಪ್ಪಗೆ ಒಣಗಿದ್ದ ಗಂಧ, ಕುಂಕುಮವನ್ನು ಹೇರ್‌ಪಿನ್ನಿನಿಂದ ಕೆರೆದರು.

ಅರ್ಧ ಗಂಧ ಉದುರುವಷ್ಟರಲ್ಲೇ ಪೆಟ್ಟಿಗೆ ಬಾಯಿ ಬಡಿದುಕೊಳ್ಳತೊಡಗಿತು.